ಹತ್ತೊಂಬತ್ತನೇ ಚೌಕದ ಹೊನ್ನೆ

ಆ ಹೊನ್ನೆ ಮರ ಅಲ್ಲಿಲ್ಲ ಅನ್ನುವುದು ಈ ಭೂಮಿಯ ಮೇಲೆ ಗೊತ್ತಿದ್ದದ್ದು ಮುರುಗೇಶನೊಬ್ಬನಿಗೇ. ಮಿಕ್ಕವರೆಲ್ಲ ಅದನ್ನು ನಂಬಿಬಿಟ್ಟಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅಂತ ಇಲಾಖೆಯವರನ್ನು ಬೈದುಕೊಳ್ಳೋಣವೆಂದರೆ, ಎತ್ತು ಈದಿದೆ ಅಂತ ಸಹಿ ಹಾಕಿ ಬರೆದುಕೊಟ್ಟವನು ತಾನೇ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿಯ ಪ್ಲೇಟು ಮುಂದಿಟ್ಟುಕೊಂಡು ಕೂತವನು ಇನ್ನೂ ಒಂದು ತುತ್ತೂ ಎತ್ತಿರಲಿಲ್ಲ. ಮೊನ್ನೆ ಸಂಜೆ ವಲಯ ಅರಣ್ಯಾಧಿಕಾರಿ ನೇತ್ರಾವತಿ ಫೋನು ಮಾಡಿದ್ದಳು. "ಸರ್, ಒಂಟಿಕಲ್ಲು ಗುಡ್ಡದ ನಿಸರ್ಗ ಪಥ ಮಂಜೂರಾಯ್ತು. ನಿಮ್ಮ ಪಟ್ಟಿಯಲ್ಲಿ ಹತ್ತೊಂಬತ್ತನೇ ಚೌಕದಲ್ಲಿ ಒಂದು ದೊಡ್ಡ ಹೊನ್ನೆ ಇದೆಯಲ್ಲ, ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಸುತ್ತಳತೆಯದ್ದು, ದಾರಿನ ಅಲ್ಲಿಗೇ ಮುಗಿಸಾಣ ಅಂತ. ಕೆಳಗೆ ಒಂದು ಕಲ್ಲು ಬೆಂಚು, ಪಕ್ಕದಲ್ಲಿ ಬೋರ್ಡು. ಬುಧವಾರ ಬಂದು ಮರ ತೋರಿಸಿಬಿಡಿ." ತೋರಿಸಿಬಿಡಿ! ಸಂತೆಯಲ್ಲಿ ಕರು ತೋರಿಸಿದ ಹಾಗೆ. ಆಗಲಿ ಮೇಡಂ ಅಂದಿದ್ದ. ಇನ್ನೇನು ಅನ್ನಲಾಗುತ್ತದೆ? ಎರಡು ರಾತ್ರಿ ಆ ಮರ ಅವನ ತಲೆಯೊಳಗೆ ಬೇರು ಬಿಟ್ಟು, ಕೊಂಬೆ ಚಾಚಿ, ತೊಗಟೆ ಕೆತ್ತಿದಲ್ಲೆಲ್ಲ ಕೆಂಪು ಹಾಲು ಸುರಿಸಿತ್ತು. ಬೆಳಗ್ಗೆ ಹೊಸದುರ್ಗದಲ್ಲಿ ಬಸ್ಸು ಹತ್ತುವಾಗ, ಬಸ್ಸು ಕೆಟ್ಟು ನಿಲ್ಲಲಿ ಅಂತ ಬೇಡಿಕೊಂಡಿದ್ದ. ಅದೂ ನಿಲ್ಲಲಿಲ್ಲ. ದಿನಾ ಕೆಡುವ ಬಸ್ಸು ಇವತ್ತು ಹತ್ತು ನಿಮಿಷ ಮುಂಚೆ ತಂದು ಇಳಿಸಿತ್ತು.

ಹೊಸದುರ್ಗದ ಕಾಲೇಜಿನಲ್ಲಿ ಅವನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹದಿನಾಲ್ಕು ವರ್ಷದಿಂದ ಅತಿಥಿ. ಯಾರದಾದರೂ ಮನೆಯಲ್ಲಿ ಇಷ್ಟು ವರ್ಷ ಅತಿಥಿಯಾಗಿದ್ದರೆ ಪೊರಕೆ ಹಿಡಿದು ಅಟ್ಟಿರುತ್ತಿದ್ದರು ಅಂತ ಅವನ ಹೆಂಡತಿ ಉಷಾ ನಗುವುದಿತ್ತು. ಹಾಗಿದ್ದವನಿಗೆ ಇಲಾಖೆಯವರು ಕರೆದು, ಒಂದು ಗುಡ್ಡದಲ್ಲಿ ಎಷ್ಟು ಜಾತಿಯ ಮರ ಇವೆ ಅಂತ ಎಣಿಸಿಕೊಡಿ, ನಿಮ್ಮ ಹೆಸರಲ್ಲೇ ಪುಸ್ತಕ ಮಾಡುತ್ತೇವೆ ಅಂದಾಗ, ಆ ಒಂದು ದಿನ ಅವನು ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಪೂರಾ ಒರಗಿ ಕೂತಿದ್ದ. ಕೆಲಸವನ್ನು ಕಳ್ಳಾಟವಿಲ್ಲದೆ ಶುರುಮಾಡಿದ್ದ ಕೂಡ. ಗುಡ್ಡದ ಮೇಲೆ ಅಲ್ಲಲ್ಲಿ ಇಪ್ಪತ್ತು ಚೌಕ, ಒಂದೊಂದೂ ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ನಾಲ್ಕು ಮೂಲೆಗೆ ಗೂಟ ಹೊಡೆದು ಸುತ್ತ ಹಗ್ಗ ಎಳೆಯುವುದು. ಒಳಗಿನ ಒಂದೊಂದು ಮರಕ್ಕೂ ಎದೆಮಟ್ಟದಲ್ಲಿ ಟೇಪು ಸುತ್ತಿ ಅಳೆಯುವುದು, ಹಳದಿ ಬಣ್ಣದಲ್ಲಿ ನಂಬರು ಹಾಕುವುದು, ಹೆಸರು ಬರೆದುಕೊಳ್ಳುವುದು. ಹೆಸರು ಹೇಳಲು ಗುಡ್ಡದ ಬುಡದ ಹಟ್ಟಿಯ ಮುದ್ದಕ್ಕ ಇದ್ದಳು. ಅರವತ್ತು ದಾಟಿದ ಹೆಂಗಸು, ಐವತ್ತು ವರ್ಷ ಆ ಗುಡ್ಡದಲ್ಲಿ ಕುರಿ ಮೇಯಿಸಿದವಳು. ಮರದ ಹತ್ತಿರ ಹೋಗುವ ಮುಂಚೆಯೇ "ದಿಂಡಿಗ", "ತೂಪ್ರ", "ಕಗ್ಗಲಿ", "ಇದು ಬಿಲ್ವಾರ ಮೇಷ್ಟ್ರೇ, ಬರ್ಕಳ್ರಿ" ಅಂತ ಮನೆಯ ಮಕ್ಕಳನ್ನು ಕರೆದ ಹಾಗೆ ಕರೆಯುತ್ತಿದ್ದಳು. ಹದಿನಾರು ಚೌಕ ಹಾಗೆ ಮುಗಿದವು. ಆ ಹದಿನಾರರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಹದಿನೇಳನೆಯದಕ್ಕೆ ಹೋದದ್ದು ಕಾರ್ತಿಕದ ಒಂದು ಬೆಳಗ್ಗೆ. ಗುಡ್ಡದ ಹಿಂಬದಿಯ ಕೊರಕಲು ಅದು. ಬಂದರಿ ಗಿಡದ ಪೊದೆಗಳು ಎದೆಯೆತ್ತರ. ಮುಂದೆ ಹೋಗುತ್ತಿದ್ದ ಮುದ್ದಕ್ಕ ಕೊರಕಲಿನ ಬಾಯಲ್ಲಿ ಗಕ್ಕನೆ ನಿಂತಳು. ಹಿಂದೆ ತಿರುಗದೆಯೇ, "ಮೇಷ್ಟ್ರೇ, ಕರಡಿ! ಓಡ್ರಿ!" ಅಂದಳು. ಅವನು ಓಡಿದ. ಓಡಿದ ಅನ್ನುವುದೂ ಗೌರವದ ಮಾತಾಯಿತು. ಕಾಲು ತನ್ನಷ್ಟಕ್ಕೆ ತಾನು ಓಡಿತು, ಅವನು ಅದರ ಮೇಲಿದ್ದ ಅಷ್ಟೆ. ಎರಡು ಕಡೆ ಬಿದ್ದ, ಪ್ಯಾಂಟು ಮೊಣಕಾಲಲ್ಲಿ ಹರಿಯಿತು, ನೋಟ್ ಬುಕ್ಕು ಟೇಪು ಬಣ್ಣದ ಡಬ್ಬಿ ಎಲ್ಲ ಎಲ್ಲೆಲ್ಲೋ ಹೋದವು. ಒಂದು ಸಲವೂ ಹಿಂದೆ ನೋಡಲಿಲ್ಲ. ಗುಡ್ಡದ ಬುಡದ ಗೋಕಟ್ಟೆಯ ಹತ್ತಿರ ಬಂದು ಕುಸಿದು ಕೂತು ಬಾಯಲ್ಲಿ ಉಸಿರಾಡುತ್ತಿದ್ದಾಗ, ಅಯ್ಯೋ, ಅಲ್ಲಿ ಒಬ್ಬಳು ಮುದುಕಿ ಇದ್ದಳಲ್ಲ ಅಂತ ಹೊಳೆಯಿತು. ಹೊಳೆದ ಮೇಲೂ ಎದ್ದು ವಾಪಸ್ಸು ಹೋಗಲಿಲ್ಲ. ಅದೇ ನೋಡಿ, ಓಡಿದ್ದಕ್ಕಿಂತ ಅದೇ ಆಮೇಲೆ ಅವನನ್ನು ಹೆಚ್ಚು ತಿಂದದ್ದು. ಅರ್ಧ ಗಂಟೆ ಕೂತಿದ್ದ. ಆಮೇಲೆ ಮುದ್ದಕ್ಕ ನಿಧಾನವಾಗಿ ಇಳಿದು ಬಂದಳು. ಸೆರಗಿನಲ್ಲಿ ನೋಟ್ ಬುಕ್ಕು, ಟೇಪು, ಕೈಯಲ್ಲಿ ಬಣ್ಣದ ಡಬ್ಬಿ. ಅವನ ಮುಖ ನೋಡಲಿಲ್ಲ. "ನೀರು ಕುಡೀರಿ" ಅಂತ ಹೇಳಿ ಸಾಮಾನನ್ನು ಅವನ ಪಕ್ಕದಲ್ಲಿಟ್ಟು ಹಟ್ಟಿಯ ಕಡೆ ಹೋದಳು. ಆ ನೋಡದೇ ಹೋದ ಮುಖ ಎಂಟು ತಿಂಗಳಿಂದ ಅವನು ಶೇವ್ ಮಾಡಿಕೊಳ್ಳುವ ಕನ್ನಡಿಯಲ್ಲಿ ದಿನಾ ಅವನ ಹಿಂದೆ ನಿಲ್ಲುತ್ತಿತ್ತು.

ಮನೆಯಲ್ಲಿ ಹೇಳಿದ್ದು ಬೇರೆ. ತಾನೂ ಮುದುಕಿಯೂ ಒಬ್ಬರ ಕೈ ಒಬ್ಬರು ಹಿಡಿದು, ಕರಡಿಗೆ ಬೆನ್ನು ಕೊಡದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆವು ಅಂದಿದ್ದ. "ಅಷ್ಟು ಧೈರ್ಯ ಯಾವಾಗ ಬಂತ್ರಿ ನಿಮಗೆ? ಹಲ್ಲಿ ಬಿದ್ರೆ ಮಂಚ ಹತ್ತೋರು" ಅಂದ ಉಷಾ ಹರಿದ ಪ್ಯಾಂಟಿಗೆ ಸೂಜಿ ಹಿಡಿದಿದ್ದಳು. ಸ್ಟಾಫ್ ರೂಮಿಗೆ ಬರುವ ಹೊತ್ತಿಗೆ ಮುದುಕಿಯನ್ನು ಮುಂದೆ ಕಳಿಸಿ ತಾನು ಕೋಲು ಹಿಡಿದು ಕೊನೆಗೆ ಬಂದದ್ದಾಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆದರೆ ಕೊರಕಲಿನ ನಾಲ್ಕು ಚೌಕ ಹಾಗೇ ಉಳಿದಿದ್ದವು. ಇಲಾಖೆಯವರು ಪಟ್ಟಿ ಕೇಳುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಉಷಾ ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಾಗ, ಅವನು ಊಟದ ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು ಆ ನಾಲ್ಕೂ ಚೌಕಗಳನ್ನು ಕೂತಲ್ಲೇ ಬರೆದುಬಿಟ್ಟ. ಇಷ್ಟು ಸಲೀಸೇ ಅಂತ ಅವನಿಗೇ ದಿಗಿಲಾಯಿತು. ನಡೆದು ಬರೆದ ಕಾಡಿನಲ್ಲಿ ದಿಂಡಿಗ ಬಿಟ್ಟರೆ ದಿಂಡಿಗ, ಒಣಗಿದ್ದು, ಕುರಿ ಕಡಿದದ್ದು, ಸೊಟ್ಟಗಾದದ್ದು. ಕೂತು ಬರೆದ ಕಾಡಿನಲ್ಲಿ ಇಲ್ಲೊಂದು ಕಕ್ಕೆ, ಅಲ್ಲೊಂದು ಶ್ರೀಗಂಧ, ಕಾಡು ಅಂದರೆ ಕಾಡು! ಇಡೀ ಗುಡ್ಡದ ಜಾತಿಗಳ ಲೆಕ್ಕ ಐವತ್ತಾರರಿಂದ ಅರವತ್ತೊಂದಕ್ಕೆ ಏರಿತು. ಖುಷಿಯಲ್ಲಿ ಹತ್ತೊಂಬತ್ತನೇ ಚೌಕಕ್ಕೆ ಒಂದು ಹೊನ್ನೆ ಇಟ್ಟ. ಇಟ್ಟವನು ಸುಮ್ಮನೆ ಒಂದು ಮೀಟರಿನದು ಇಡಬಾರದಿತ್ತೇ? ಯಾರಿಗೂ ಬೇಕಾಗುತ್ತಿರಲಿಲ್ಲ. ಆದರೆ ಕೈ ತಡೆಯಲಿಲ್ಲ, ಎರಡು ನಲವತ್ತು ಅಂತ ಬರೆಯಿತು.

ಜೀಪು ಹೋಟೆಲಿನ ಮುಂದೆ ನಿಂತಿತು. ನೇತ್ರಾವತಿ ಮುಂದಿನ ಸೀಟಿನಿಂದ ಇಳಿದು, ಅವನನ್ನು ಅಲ್ಲಿ ಕೂರಿಸಿ, ತಾನು ಹಿಂದೆ ಗಾರ್ಡ್ ಬಾಲರಾಜು ಪಕ್ಕ ಕೂತಳು. ಮೂವತ್ತರ ಆಸುಪಾಸಿನ ಹೆಂಗಸು, ಖಾಕಿ ಅವಳಿಗೆ ಒಪ್ಪುತ್ತಿತ್ತು. "ನೀವು ನನ್ನ ಗುರುತು ಹಿಡೀಲಿಲ್ಲ ಸರ್" ಅಂದಳು. "ನಾನು ನಿಮ್ಮ ಸ್ಟೂಡೆಂಟು. ಫೈನಲ್ ಇಯರಲ್ಲಿ ನನ್ನ ರೆಕಾರ್ಡ್ ಬುಕ್ ವಾಪಸ್ ಎಸೆದಿದ್ರಿ. ಎಲೆ ನೋಡಿ ಬರೀಲಿಲ್ಲ, ಪುಸ್ತಕ ನೋಡಿ ಬರ್ದಿದೀಯ ಅಂತ. ಅವತ್ತು ಎಷ್ಟು ಅತ್ತೆ ಗೊತ್ತಾ? ಆಮೇಲೆ ಯಾವತ್ತೂ ಹಂಗೆ ಮಾಡ್ಲಿಲ್ಲ ಸರ್. ಇವತ್ತು ಈ ಡ್ರೆಸ್ ಹಾಕಿದೀನಿ ಅಂದ್ರೆ ಅದಕ್ಕೆ ಅದೂ ಒಂದು ಕಾರಣ." ಬಾಲರಾಜು ತಲೆಯಾಡಿಸಿ, "ಹಂಗಿರ್ಬೇಕ್ರಿ ಮೇಷ್ಟ್ರು ಅಂದ್ರೆ" ಅಂದ. ಮುರುಗೇಶ ಕಿಟಕಿಯಾಚೆ ನೋಡಿದ. ಬಿ.ದುರ್ಗದ ಕಡೆಯ ರಸ್ತೆ, ಮೆಕ್ಕೆಜೋಳದ ಹೊಲ, ದೂರದ ಗುಡ್ಡಗಳ ಮೇಲೆ ಆಷಾಢದ ಗಾಳಿಗೆ ಗಾಳಿಯಂತ್ರಗಳ ಬಿಳಿ ಫ್ಯಾನುಗಳು ಒಂದೇ ಸಮ ತಿರುಗುತ್ತಿದ್ದವು. ಬೈದರೆ ತಡೆದುಕೊಳ್ಳಬಹುದು, ಹೊಗಳಿದರೆ ಎಲ್ಲಿಗೆ ಓಡುವುದು? ಅವಳ ಮಾತಿನಲ್ಲಿ ಕುಟುಕು ಇದೆಯೇ ಅಂತ ಹುಡುಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗಿತ್ತು ಅವನ ಸ್ಥಿತಿ. ಹಿಂದಿನ ಸೀಟಿನ ಕೆಳಗೆ ಗೋಣಿಚೀಲ ಹೊದಿಸಿ ಇಟ್ಟಿದ್ದ ತಗಡು ರಸ್ತೆಯ ಗುಂಡಿಗೊಮ್ಮೆ ಗಡಗಡ ಅನ್ನುತ್ತಿತ್ತು. ಏನದು ಅಂತ ಕೇಳಬಾರದಿತ್ತು, ಕೇಳಿದ. ಬಾಲರಾಜು ಚೀಲ ಸರಿಸಿ ತೋರಿಸಿದ. ಹಸಿರು ಬಣ್ಣದ ಬೋರ್ಡು, ಬಿಳಿ ಅಕ್ಷರ. 'ಹೊನ್ನೆ. ಈ ಗುಡ್ಡದ ಹಿರಿಯಜ್ಜ.' ಕೆಳಗೆ ಸಣ್ಣಕ್ಷರದಲ್ಲಿ ಸುತ್ತಳತೆ, ಅದರ ಕೆಳಗೆ ಅವನ ಹೆಸರು.

ಗೋಕಟ್ಟೆಯ ಹತ್ತಿರ ಮುದ್ದಕ್ಕ ಕಾದಿದ್ದಳು. ಎಂಟು ತಿಂಗಳ ಮೇಲೆ ನೋಡುತ್ತಿದ್ದದ್ದು. "ಬಂದ್ರಾ ಮೇಷ್ಟ್ರೇ" ಅಂದವಳು ತಕ್ಷಣ ಗುಡ್ಡದ ಕಡೆ ತಿರುಗಿದಳು. ಈಗಲೂ ಮುಖ ನೋಡಲೊಲ್ಲಳು ಅಂತ ಅವನಿಗೆ ಅನ್ನಿಸಿತು. ಹಿಂಬದಿಯ ಕೊರಕಲಿಗೆ ಹೋಗಬೇಕು ಅಂತ ನೇತ್ರಾವತಿ ಅಂದದ್ದೇ ಮುದ್ದಕ್ಕ ನಿಂತುಬಿಟ್ಟಳು. "ಅಲ್ಲಿಗ್ಯಾಕಮ್ಮ? ಮುಂದ್ಗಡೆ ಎಷ್ಟೊಂದು ಮರ ಅವೆ. ಅಲ್ಲಿ ದಾರಿ ಸರಿಯಿಲ್ಲ. ಕರಡಿ ಬೇರೆ ಐತೆ." ಮುರುಗೇಶನ ಜೀವಕ್ಕೆ ಒಂದು ಗುಕ್ಕು ನೀರು ಬಿದ್ದ ಹಾಗಾಯಿತು. ಅಬ್ಬಾ, ಕರಡಿ! ಇದು ಹೇಗೆ ತನಗೆ ಹೊಳೆಯಲಿಲ್ಲ? "ಹೌದು ಮೇಡಂ, ಐತೆ. ನಾವಿಬ್ರೂ ನೋಡಿದೀವಿ. ದೊಡ್ಡದು. ಮಕ್ಕಳು ಮರಿ ಬರೋ ದಾರಿ, ಅಲ್ಲಿವರೆಗೂ ತಗಂಡು ಹೋಗೋದು ಅಪಾಯ" ಅಂತ ಶುರುಮಾಡಿದ. ಮುದ್ದಕ್ಕನೂ ಬಿಡಲಿಲ್ಲ, ಅದಕ್ಕೆ ಮರಿಗಳೂ ಇವೆ ಅಂದಳು. ಇಬ್ಬರೂ ಸೇರಿ ಆ ಕರಡಿಯನ್ನು ಬೆಳೆಸಿದ್ದೇ ಬೆಳೆಸಿದ್ದು. ನೇತ್ರಾವತಿ ನಕ್ಕಳು. "ಯಾವ ಕರಡಿ ಸರ್? ಹೋದ ವರ್ಷ ಕೊರಕಲಿನ ಎರಡೂ ಬಾಯಲ್ಲಿ ಆರು ತಿಂಗಳು ಕ್ಯಾಮೆರಾ ಕಟ್ಟಿದ್ವಿ. ದೀಪಾವಳಿ ಮುಂದೆ, ಹಿಂದೆ ಎಲ್ಲಾ. ಮುಳ್ಳಹಂದಿ, ಮೊಲ, ಕಾಡುಬೆಕ್ಕು, ಇವರ ಹಟ್ಟಿ ಕುರಿ. ಒಂದು ಕರಡಿ ಕೂದಲೂ ಇಲ್ಲ." ಬಾಲರಾಜು ಬೋರ್ಡನ್ನು ಹೆಗಲಿಗೆ ಏರಿಸಿ, ಹೋಗಾಣ ಬರ್ರಿ ಅಂತ ಮುಂದೆ ಹೊರಟ.

ಹತ್ತುತ್ತ ಹತ್ತುತ್ತ ಮುರುಗೇಶನಿಗೆ ಕಾಲಿಗಿಂತ ಮನಸ್ಸು ಸೋಲುತ್ತ ಹೋಯಿತು. ಕಾರ್ತಿಕದಲ್ಲಿ ಕ್ಯಾಮೆರಾ ಇತ್ತು, ಕರಡಿ ಇರಲಿಲ್ಲ. ಹಾಗಾದರೆ ತಾನು ಓಡಿದ್ದು ಯಾವುದಕ್ಕೆ? ಕಲ್ಲಿಗೋ? ಕಪ್ಪು ಕುರಿಗೋ? ಕರಡಿಗೆ ಹೆದರಿ ಓಡುವುದರಲ್ಲಿ ಒಂದು ಮರ್ಯಾದೆಯಾದರೂ ಇದೆ. ಅವನ ಅಪ್ಪ ಗಂಗಾಧರಪ್ಪ ತುರುವನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಒಂದು ಸಲ ಎಲ್ಲ ಹುಡುಗರ ಮುಂದೆ ಇವನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ, ಹಾರಲೇ, ಹಾರು ಅಂದಿದ್ದ. ಈಜು ಬರುತ್ತಿತ್ತು. ಆದರೂ ಹಾರಲಿಲ್ಲ. ಚಡ್ಡಿ ಒದ್ದೆಯಾಗಿತ್ತು, ನೀರಿಗಿಳಿಯದೆಯೇ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಟವೆಲ್ಲು ಕೊಟ್ಟು ಆಚೆ ನೋಡುತ್ತ ನಿಂತಿದ್ದ. ಅವರೆಲ್ಲ ಯಾಕೆ ಹೀಗೆ ಆಚೆ ನೋಡುತ್ತಾರೆ? ಒಂದು ಸಲ ನೇರ ನೋಡಿ, ಥೂ ಹೇಡಿ ಅಂದುಬಿಟ್ಟರೆ ಆಯಿತಲ್ಲ. ಗಾಳಿಗೆ ಬಂದರಿ ಗಿಡಗಳು ಒಂದೇ ದಿಕ್ಕಿಗೆ ಬಾಗಿ ಏಳುತ್ತಿದ್ದವು. ಹಳದಿ ನಂಬರಿನ ಮರಗಳು ಒಂದೊಂದಾಗಿ ಎದುರಾಗುತ್ತಿದ್ದವು. ನೇತ್ರಾವತಿ ಪಟ್ಟಿ ನೋಡಿ ನಂಬರು ಕೂಗುತ್ತಿದ್ದಳು, ಸರಿಯಾಗಿರುತ್ತಿತ್ತು. ಒಂಬತ್ತನೇ ಚೌಕ ಸರಿ, ಹನ್ನೆರಡು ಸರಿ. "ಎಷ್ಟು ಅಚ್ಚುಕಟ್ಟು ಸರ್ ನಿಮ್ಮ ಕೆಲಸ" ಅಂದಳು. ಹದಿನಾರನೇ ಚೌಕದ ಕೊನೆಯ ದಿಂಡಿಗ ಬಂತು. ಅಲ್ಲಿಂದ ಮುಂದೆ ಯಾವ ಮರದ ಮೇಲೂ ಬಣ್ಣ ಇರಲಿಲ್ಲ, ಬಿದ್ದ ಮಳೆಗೆಲ್ಲ ತೊಳೆದುಹೋಗಿರಬೇಕು ಅಂತ ಅವಳೇ ಸಮಾಧಾನ ಹೇಳಿಕೊಂಡಳು.

ಕೊರಕಲಿಗೆ ಇಳಿಯುವ ಮುಂಚೆ ಒಂದು ಹಾಸುಬಂಡೆ. ಮೆಟ್ಟಿಲು ಎಲ್ಲಿ ಕಡಿಸಬಹುದು ನೋಡಿಕೊಂಡು ಬರುತ್ತೇವೆ, ನೀವು ಸುಧಾರಿಸಿಕೊಳ್ಳಿ ಸರ್ ಅಂತ ನೇತ್ರಾವತಿ, ಬಾಲರಾಜು ಬಲಗಡೆಯ ಏರಿಗೆ ಹೋದರು. ಮುರುಗೇಶ ಬಂಡೆಯ ಮೇಲೆ ಕೂತ. ಮುದ್ದಕ್ಕ ಕೂರಲಿಲ್ಲ. ಅಡಿಕೆ ಎಲೆಯ ಚೀಲ ಬಿಚ್ಚಿದಳು, ಮತ್ತೆ ಕಟ್ಟಿದಳು.

"ಮೇಷ್ಟ್ರೇ, ಒಂದು ಮಾತು. ಸಿಟ್ಟಾಗಬ್ಯಾಡ್ರಿ."

"ಹೇಳು ಮುದ್ದಕ್ಕ."

"ಅವತ್ತು ಕರಡಿ ಇರ್ಲಿಲ್ಲ. ನಾನೇ ಅಂದಿದ್ದು."

ಗಾಳಿಯಲ್ಲಿ ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಅವನು ಮುಖವೆತ್ತಿದ. ಅವಳು ಕೊರಕಲಿನ ಕಡೆ ಕೈ ತೋರಿಸಿದಳು. "ಅಲ್ಲಿ ಕೆಳಗೆ ಕಾಣ್ತಾವಲ್ಲ, ಕಮರದ ಮರ, ಅವು ನಮ್ಮ ಬೆಡಗಿನವು, ನಮ್ಮ ಕುಲದ ಮರ. ನಾವು ಕಡಿಯಲ್ಲ, ಒಲೆಗಿಕ್ಕಲ್ಲ, ಕುರಿಗೂ ಸೊಪ್ಪು ಮುರಿಯಲ್ಲ. ಅಳೆಯಾದಂತೂ ಇಲ್ಲವೇ ಇಲ್ಲ. ನಮ್ಮಲ್ಲಿ ಮೈ ಸುತ್ತ ಹಗ್ಗ ಹಿಡಿದು ಅಳೆಯೋದು ಯಾವಾಗ ಹೇಳ್ರಿ? ಸತ್ತಾಗ, ಗುಣಿ ತೋಡಾಕೆ. ನೀವು ಹದಿನಾರು ಕಡೆ ಮರಕ್ಕೆ ಟೇಪು ಸುತ್ತಾದು ನೋಡಿ ನೋಡಿ ನಂಗೆ ಎದೆ ಹೊಡ್ಕಂತಿತ್ತು. ಇಲ್ಲಿಗೆ ಬಂದ್ಬಿಟ್ರಲ್ಲಪ್ಪಾ ಅನ್ನಿಸ್ತು. ಬಾಯಿಗೆ ಕರಡಿ ಬಂತು, ಅಂದ್ಬಿಟ್ಟೆ. ನೀವು ಬೀಳ್ತಾ ಏಳ್ತಾ ಹೋಗಿದ್ದು ನೋಡಿ ಕಳ್ಳು ಚುರುಕ್ ಅಂತು. ಓದಿದ ಮನುಷ್ಯನ್ನ ಹಿಂಗೆ ಓಡಿಸಿದ್ನಲ್ಲ, ಕೈ ಕಾಲು ಮುರಕಂಡಿದ್ರೆ ಯಾರಿಗೆ ಪಾಪ ಅಂತ. ಅವತ್ತಿಂದ ನಿಮ್ಮ ಮುಖ ಹೆಂಗೆ ನೋಡ್ಲಿ?"

ಮುರುಗೇಶನಿಗೆ ಮೊದಲು ಏನೂ ಅನ್ನಿಸಲಿಲ್ಲ. ಎಂಟು ತಿಂಗಳು ಹೊತ್ತ ಮೂಟೆಯನ್ನು ಯಾರೋ ಬಂದು, ಇದು ನಂದು ಕೊಡ್ರಿ ಅಂತ ಇಳಿಸಿಕೊಂಡರೆ ಹೆಗಲಿಗೆ ತಕ್ಷಣ ತಿಳಿಯುವುದಿಲ್ಲ. ಆಮೇಲೆ ಸಿಟ್ಟು ಬಂತು. "ಮೊದ್ಲೇ ಹೇಳೋಕೆ ಏನಾಗಿತ್ತು? ನಾನೇನು ಬೇಡ ಅಂತಿದ್ನಾ?" ಅಂದ. "ಹೇಳಿದ್ರೆ ಬರ್ಕಂತಿದ್ರಿ" ಅಂದಳು ಮುದ್ದಕ್ಕ. "ನೀವು ಬರ್ಕಳೋ ಜನ. ಬೆಡಗಿನ ಮರ ಅಂತ ಅದ್ನೂ ಬರ್ಕಂಡು, ಬೋರ್ಡು ಹಾಕಿ, ನಾಲ್ಕು ಜನಾನ ಕರ್ಕಂಡು ಬರ್ತಿದ್ರಿ." ಮಾತು ನಿಜವಾಗಿತ್ತು. ಬರೆದುಕೊಳ್ಳುತ್ತಿದ್ದ. ಪುಸ್ತಕಕ್ಕೆ ಒಂದು ಒಳ್ಳೆಯ ಪುಟ ಸಿಕ್ಕಿತು ಅಂತ ಹಿಗ್ಗುತ್ತಿದ್ದ. ಅವನಿಗೂ ಒಂದು ಬೆಡಗು ಇದೆ, ಮದುವೆ ಮಾತುಕತೆಯ ದಿನ ಅಪ್ಪ ಅದರ ಹೆಸರು ಹೇಳಿದ್ದು ಬಿಟ್ಟರೆ ಮತ್ತೆ ಕೇಳಿದ ನೆನಪಿಲ್ಲ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಅದು ಇಳಿದ ಜಾಗದಲ್ಲಿ ಮಾತು ತಾನಾಗಿ ಬಂತು. ಆ ನಾಲ್ಕು ಚೌಕ ತಾನು ನೋಡೇ ಇಲ್ಲ ಅಂದ. ಮನೆಯಲ್ಲಿ ಕೂತು ಬರೆದೆ, ಈ ಹೊನ್ನೆ ಅನ್ನುವುದು ಎಲ್ಲೂ ಇಲ್ಲ, ಆ ಬೋರ್ಡು ಇಲ್ಲದ ಮರದ್ದು ಅಂದ. ಹೆಂಡತಿಗೂ ಹೇಳಿರಲಿಲ್ಲ ಅದನ್ನು. ಮುದ್ದಕ್ಕ ಬಾಯಿ ತೆರೆದು ಅವನನ್ನು ನೋಡಿದಳು. ನೇರವಾಗಿ, ಮುಖಕ್ಕೆ ಮುಖ ಕೊಟ್ಟು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲಿಕ್ಕೆ ಹತ್ತಿದಳು. "ಅಯ್ ಶಿವನೇ! ಇಲ್ಲದ ಕರಡಿ ನಂದು, ಇಲ್ಲದ ಮರ ನಿಮ್ದು. ಚೆನ್ನಾಗೈತಪ್ಪ ಜೋಡಿ!" ನಗು ಅವನಿಗೂ ಅಂಟಿತು. ಹೊಟ್ಟೆ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವ ತನಕ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

"ಸರ್!"

ನೇತ್ರಾವತಿ ಏರಿಯ ಮೇಲಿನಿಂದ ಕೂಗಿದಳು. ಕೈ ಚಾಚಿ ಕೊರಕಲಿನ ಒಳಗೆ ತೋರಿಸುತ್ತಿದ್ದಳು. ಅಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ, ಜೋಲುವ ಕೊಂಬೆಗಳ ಒಂದು ಮರ ಗಾಳಿಗೆ ತೂಗುತ್ತಿತ್ತು. ಅಷ್ಟು ದೂರದಿಂದ ಎಲೆ ಕಾಣುವ ಹಾಗಿರಲಿಲ್ಲ, ಬರಿಯ ಹಸಿರು. "ಅದೇ ಅಲ್ವಾ ಸರ್ ನಿಮ್ಮ ಹೊನ್ನೆ? ಎಂಥಾ ಮರ! ಕೆಳಗಿಳಿಯೋದು ಬೇಡ ಬಿಡಿ, ನೀವು ಹೌದು ಅಂದ್ರೆ ಇಲ್ಲೇ ಗುರುತು ಮಾಡ್ಕಂಡು ಹೋಗ್ತೀವಿ. ನಾಳೆ ಕೆಲಸದೋರು ಬರ್ತಾರೆ." ಬಾಲರಾಜು ಆಗಲೇ ಬೋರ್ಡನ್ನು ಹೆಗಲಿನಿಂದ ಇಳಿಸುತ್ತಿದ್ದ. ಮುದ್ದಕ್ಕನ ನಗು ನಿಂತಿತು. ಅವಳು ಚೀಲದ ದಾರ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಹೌದು ಅಂದರೆ ಮುಗಿಯಿತು. ಎರಡಕ್ಷರವೂ ಬೇಕಿಲ್ಲ, ತಲೆಯಾಡಿಸಿದರೆ ಸಾಕು. ಬೆಂಚು ಬರುತ್ತದೆ, ಬೋರ್ಡು ಬರುತ್ತದೆ, ಪುಸ್ತಕ ಬರುತ್ತದೆ. ಬರುವ ಸಾವಿರ ಜನರಲ್ಲಿ ಕಮರ ಯಾವುದು ಹೊನ್ನೆ ಯಾವುದು ಬಲ್ಲವರು ಎಷ್ಟು ಜನ? ಬಲ್ಲವನೊಬ್ಬ ಬಂದು ಕೇಳಿದರೆ, ಬೋರ್ಡು ಬರೆಯುವವನ ತಪ್ಪು ಅಂದರಾಯಿತು. ಅಥವಾ ಕರಡಿಯ ಕಥೆಯನ್ನೇ ಮುಂದಿಟ್ಟು, ಈ ಮುದುಕಿ ಸುಳ್ಳು ಹೇಳಿ ನನ್ನನ್ನು ಓಡಿಸಿದಳು ಮೇಡಂ, ಅದಕ್ಕೇ ಹೀಗಾಯಿತು ಅಂದರೆ, ಅದರಲ್ಲಿ ಸುಳ್ಳೂ ಇಲ್ಲ. ತಪ್ಪು ಪೂರಾ ಅವಳ ತಲೆಗೆ ಹೋಗುತ್ತದೆ. ಇವೆಲ್ಲ ಒಂದು ಉಸಿರಿನಲ್ಲಿ ಅವನ ಮುಂದೆ ಬಂದು ಸಾಲಾಗಿ ನಿಂತವು. ಅವನಿಗೆ ಆಶ್ಚರ್ಯವಾದದ್ದು, ಯಾವುದೂ ಬೇಕು ಅನ್ನಿಸಲಿಲ್ಲ. ಒಂದು ಸಲ ಈಗಷ್ಟೇ ಬಾಯಿಬಿಟ್ಟು ಹೇಳಿಯಾಗಿತ್ತು, ಹೇಳಿದವನು ಸತ್ತಿರಲಿಲ್ಲ. ಮತ್ತೊಮ್ಮೆ ಹೇಳಿದರೆ ಏನು ಮಹಾ. ಎದ್ದು ನಿಂತು, ಗಾಳಿಗೆ ಕೇಳಬೇಕಲ್ಲ ಅಂತ, ಕೈಯನ್ನು ಬಾಯಿಯ ಪಕ್ಕ ಇಟ್ಟುಕೊಂಡು ಕೂಗಿದ.

"ಅಲ್ಲ ಮೇಡಂ. ಅದು ಕಮರ. ಹೊನ್ನೆ ಇಲ್ಲ. ಈ ಗುಡ್ಡದಲ್ಲೇ ಅಂಥ ಹೊನ್ನೆ ನಾನು ನೋಡಿಲ್ಲ. ಹದಿನೇಳರಿಂದ ಇಪ್ಪತ್ತರವರೆಗೆ ಮನೇಲಿ ಕೂತು ಬರೆದಿದ್ದು."

ಗುಟ್ಟೊಂದನ್ನು ಇಷ್ಟು ಗಟ್ಟಿಯಾಗಿ ಕೂಗಿ ಹೇಳಬೇಕಾಗುತ್ತದೆ ಅಂತ ಅವನು ಎಣಿಸಿರಲಿಲ್ಲ. ಬಾಲರಾಜು ಬೋರ್ಡು ಹಿಡಿದುಕೊಂಡೇ ಬಗ್ಗಿದವನು ಬಗ್ಗಿದಂತೆಯೇ ನಿಂತ. ನೇತ್ರಾವತಿ ಇಳಿದು ಬಂದಳು. ಬರುವ ಹಾದಿ ಬಲು ಉದ್ದವಾಯಿತು. ಬಂಡೆಯ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟಳು. ಅವಳ ಕಿವಿ ಕೆಂಪಾಗಿತ್ತು.

"ಯಾಕೆ ಸರ್?"

"ಹೆದರಿಕೆಯಾಯ್ತು. ಓಡಿಬಿಟ್ಟೆ. ಮತ್ತೆ ಬರೋಕೆ ನಾಚಿಕೆಯಾಯ್ತು."

"ನಾನು ಕರಡಿ ಅಂತ ಸುಳ್ಳು ಹೇಳಿದ್ನಮ್ಮ" ಅಂತ ಮುದ್ದಕ್ಕ ಮುಂದೆ ಬಂದಳು. ಮುರುಗೇಶ ಅವಳನ್ನು ತಡೆದು, "ಅವಳು ಅಂದಿದ್ದು ಕರಡಿ. ಪಟ್ಟಿ ಬರಿ ಅಂತ ಅಂದಿರ್ಲಿಲ್ಲ" ಅಂದ.

ನೇತ್ರಾವತಿ ಇಬ್ಬರನ್ನೂ ನೋಡಿದಳು. "ಮಿಕ್ಕ ಹದಿನಾರು?" ಅಂತ ಕೇಳಿದಳು. ನೀವೇ ನೋಡುತ್ತ ಬಂದಿರಲ್ಲ, ಅವು ಸರಿ ಅಂದ. ಅವಳು ಹೌದೆಂದಳು. ಆಮೇಲೆ ಮಾತು ಗಟ್ಟಿಯಾಯಿತು, ಖಾಕಿಯ ಮಾತು. ದಾರಿ ಹದಿನಾರನೇ ಚೌಕದ ದಿಂಡಿಗದ ಹತ್ತಿರ ಮುಗಿಯುತ್ತದೆ, ಕೊರಕಲಿಗೆ ಬರುವುದಿಲ್ಲ. ನಾಲ್ಕು ಚೌಕ ತಪ್ಪಾಗಿದೆ ಅಂತ ನೀವು ಕೈಬರಹದಲ್ಲಿ ಬರೆದು ಸಹಿ ಮಾಡಿ ಕೊಡಬೇಕು. ಮೇಲಿನವರು ಓದುತ್ತಾರೆ, ಪುಸ್ತಕದಲ್ಲಿ ನಿಮ್ಮ ಹೆಸರು ಇಡುತ್ತಾರೋ ಬಿಡುತ್ತಾರೋ ನನ್ನ ಕೈಯಲ್ಲಿಲ್ಲ. ಮುಂದೆ ಇಂಥ ಕೆಲಸ ನಿಮಗೆ ಸಿಗುವುದು ಕಷ್ಟ. ಅವನು ಒಂದೊಂದಕ್ಕೂ ಆಯಿತು ಅಂದ. ಹೆಸರು ಹೋಗುವುದು ನೋವಾಗಲಿಲ್ಲ ಅಂದರೆ ಸುಳ್ಳು, ನೋವಾಯಿತು. ಉಷಾಗೆ ಹೇಳಬೇಕು, ಸ್ಟಾಫ್ ರೂಮಿನಲ್ಲಿ ಹೇಳಬೇಕಾಗಬಹುದು, ಕುರ್ಚಿಯ ತುದಿಗೆ ಸರಿದು ಕೂರಬೇಕಾಗಬಹುದು. ಆದರೂ ಎದೆಯ ಮೇಲಿನ ಚಪ್ಪಡಿಯೊಂದು ಪಕ್ಕಕ್ಕೆ ಜರುಗಿ, ಬದುಕಿದೆಯಾ ಬಡಜೀವವೇ ಅನ್ನಿಸಿ, ಗಾಳಿ ಕೆಳಹೊಟ್ಟೆಯವರೆಗೂ ಹೋಗುತ್ತಿತ್ತು. ಬೆಳಗ್ಗೆ ಬಿಟ್ಟು ಬಂದ ಮಂಡಕ್ಕಿ ನೆನಪಾಗಿ ಭಾರೀ ಹಸಿವಾಯಿತು. ನೇತ್ರಾವತಿ ಪಟ್ಟಿಯನ್ನೂ ಪೆನ್ನನ್ನೂ ಅವನ ಕೈಗೆ ಕೊಟ್ಟಳು. ಅವನು ಹೊನ್ನೆಯ ಸಾಲಿನ ಮೇಲೆ ಒಂದು ಗೆರೆ ಎಳೆದ. ಅಷ್ಟು ದೊಡ್ಡ ಮರ ಒಂದು ಸದ್ದೂ ಮಾಡದೆ ಹೋಯಿತು. ಎಂಟು ತಿಂಗಳು ಅದರ ಜೊತೆ ಬಾಳಿದ್ದಕ್ಕೋ ಏನೋ, ಸ್ವಲ್ಪ ಪಾಪ ಅನ್ನಿಸಿತು ಅದರ ಮೇಲೆ. ಮಿಕ್ಕವನ್ನೂ ಹೊಡೆದುಹಾಕಿದ. ಅರವತ್ತೊಂದು ಐವತ್ತಾರಾಯಿತು.

"ಐವತ್ತೇಳು ಅಲ್ವಾ ಸರ್?" ಅಂದಳು ನೇತ್ರಾವತಿ. "ಕಮರ ನಿಮ್ಮ ಪಟ್ಟಿಯಲ್ಲೆಲ್ಲೂ ಇಲ್ಲ. ಅಲ್ಲಿ ನೋಡಿದ್ರೆ ಒಂದು ಹಿಂಡೇ ಐತೆ." ಅವನು ಮುದ್ದಕ್ಕನನ್ನು ನೋಡಿದ. ಅವಳು ಕಮರಗಳ ಕಡೆ ಒಮ್ಮೆ ತಿರುಗಿ ನೋಡಿದಳು. "ಹಗ್ಗ ಬ್ಯಾಡ, ಬಣ್ಣ ಬ್ಯಾಡ, ಎಲ್ಲಿ ಅವೆ ಅಂತ ಬರಿಯಾದು ಬ್ಯಾಡ" ಅಂದಳು. "ಅವೆ ಅಂತ ಬರ್ಕಳ್ರಿ ಬೇಕಾದ್ರೆ. ಇರಾದಂತೂ ಅವೆಯಲ್ಲ. ಎಷ್ಟು ಅಂತ ಕಣ್ಣಾಗೆ ಎಣಿಸ್ಕಳ್ರಿ." ನೇತ್ರಾವತಿ ಟೋಪಿ ಹಾಕಿಕೊಂಡಳು. ಹತ್ತು ನಿಮಿಷ ಸರ್, ಆಮೇಲೆ ಇಳಿಯಾಣ ಅಂದಳು. ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಇರಲಿ.

ಟೇಪನ್ನೂ ನೋಟ್ ಬುಕ್ಕನ್ನೂ ಬಂಡೆಯ ಮೇಲೆ ಬಿಟ್ಟು, ಮುರುಗೇಶ ಮುದ್ದಕ್ಕನ ಹಿಂದೆ ಕೊರಕಲಿಗೆ ಇಳಿದ. ಕಮರದ ಎಲೆಗಳು ಎರಡೆರಡು ಕೂಡಿ, ಆಡಿನ ಗೊರಸು ಮಣ್ಣಲ್ಲಿ ಮೂಡಿದ ಹಾಗೆ, ಗಾಳಿಗೆ ಲಕ್ಷಗಟ್ಟಲೆ ಅಲುಗುತ್ತಿದ್ದವು. ಒಳಗೆ ಕಾಲಿಡುವಾಗ ಅವನು ತಡೆದು, "ಚಪ್ಪಲಿ ಬಿಡಬೇಕಾ?" ಅಂತ ಕೇಳಿದ. "ಮುಳ್ಳು ಐತೆ, ಹಾಕ್ಕಳ್ರಿ. ಅಷ್ಟು ಭಕ್ತಿ ಏನೂ ಬ್ಯಾಡ" ಅಂದಳು. ಅವನು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಎಣಿಸುತ್ತ ಹೋದ. ಒಂದು, ಎರಡು, ಮೂರು. ಬಣ್ಣದ ಗುರುತಿಲ್ಲದೆ ಎಣಿಸುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಎಣಿಸಿದ ಮರವೇ ಇನ್ನೊಂದು ಕಡೆಯಿಂದ ಹೊಸದಾಗಿ ಕಾಣುತ್ತಿತ್ತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ಎದುರಿಗಿದ್ದದ್ದು ಬಂದಾಗಿದೆಯೋ ಇಲ್ಲವೋ ಗೊತ್ತಾಗದೆ ನಿಂತ.

"ಮುದ್ದಕ್ಕ, ಲೆಕ್ಕ ತಪ್ತು" ಅಂದ.

"ತಪ್ಪಿದ್ರೆ ಏನಾತು, ಮೊದ್ಲಿಂದ ಎಣಿಸ್ರಿ" ಅಂದಳು ಅವಳು, ಒಂದು ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ.

ಮುರುಗೇಶ ಕೊರಕಲಿನ ಬಾಯಿಗೆ ವಾಪಸ್ಸು ಬಂದು, ಮತ್ತೆ ಒಂದರಿಂದ ಶುರುಮಾಡಿದ.